ಹಕ್ ಹರಿದು ಹಾಕಿದ ಕಾಗದ

ಮಾರ್ಕ್ ಟ್ವೈನ್‌ನ ‘ಅಡ್ವೆಂಚರ್ಸ್ ಆಫ್ ಹಕಲ್‌ಬೆರಿ ಫಿನ್’ ನಾನು ಮೊದಲು ಓದಿದ್ದು ಸ್ಕೂಲಿನಲ್ಲಿ, ಮಕ್ಕಳಿಗಾಗಿ ಚಿಕ್ಕದು ಮಾಡಿದ ಆವೃತ್ತಿಯಲ್ಲಿ. ದೊಡ್ಡ ನದಿ, ತೆಪ್ಪ, ಕುಡುಕ ಅಪ್ಪನಿಂದ ತಪ್ಪಿಸಿಕೊಂಡ ಹುಡುಗ, ಜೊತೆಗೆ ಜಿಮ್ ಅಂತ ಒಬ್ಬ. ಅಷ್ಟೇ ನೆನಪಿತ್ತು. 30 ದಾಟಿದ ಮೇಲೆ ಪೂರ್ತಿ ಕಾದಂಬರಿ ಓದಿದೆ. 31ನೇ ಅಧ್ಯಾಯ ಮುಗಿಸಿ, ಪುಸ್ತಕ ಮಡಚಿಟ್ಟು ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.

ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ಕಾದಂಬರಿ ಇಂಗ್ಲೆಂಡಿನಲ್ಲಿ ಪ್ರಕಟವಾಗಿದ್ದು 1884ರಲ್ಲಿ, ಅಮೆರಿಕದಲ್ಲಿ 1885ರಲ್ಲಿ. ಕತೆ ನಡೆಯೋದು ಅದಕ್ಕೂ 40-50 ವರ್ಷ ಹಿಂದೆ, ಮಿಸಿಸಿಪ್ಪಿ ನದಿಯ ಮೇಲೆ. ಗುಲಾಮಗಿರಿ ಅಲ್ಲಿ ಇನ್ನೂ ಕಾನೂನುಬದ್ಧವಾಗಿದ್ದ ಕಾಲ. ಜಿಮ್, ಮಿಸ್ ವಾಟ್ಸನ್ ಎಂಬಾಕೆಯ ಗುಲಾಮ. ತನ್ನನ್ನು ನ್ಯೂ ಆರ್ಲಿಯನ್ಸ್‌ಗೆ ಮಾರುವ ಮಾತು ಕಿವಿಗೆ ಬಿದ್ದು ಓಡಿಬಂದವನು. ಹಕ್‌ಗೆ 13 ಇಲ್ಲವೇ 14 ವರ್ಷ. ದಾರಿಯಲ್ಲಿ ಇಬ್ಬರು ಮೋಸಗಾರರು ಇವರ ತೆಪ್ಪ ಹತ್ತುತ್ತಾರೆ. ಕೊನೆಗೆ ಅವರಲ್ಲೊಬ್ಬ 40 ಡಾಲರಿಗೆ ಜಿಮ್‌ನನ್ನು ಮಾರಿಬಿಡ್ತಾನೆ.

ಆಗ ಹಕ್ ಮಿಸ್ ವಾಟ್ಸನ್‌ಗೆ ಕಾಗದ ಬರೆದು ಜಿಮ್ ಎಲ್ಲಿದ್ದಾನೆ ಅಂತ ತಿಳಿಸೋಕೆ ಹೊರಡ್ತಾನೆ. ಬರೆದ ಕೂಡಲೇ ಅವನಿಗೆ ಹಗುರ ಅನ್ನಿಸುತ್ತೆ, ಪಾಪವೆಲ್ಲ ತೊಳೆದುಹೋದ ಹಾಗೆ. ಯಾಕೆಂದರೆ ಅವನ ಊರು, ಚರ್ಚು, ಕಾನೂನು ಎಲ್ಲ ಹೇಳಿಕೊಟ್ಟಿದ್ದು ಒಂದೇ: ಓಡಿಹೋದ ಗುಲಾಮನಿಗೆ ನೆರವಾಗೋದು ಅಂದರೆ ಇನ್ನೊಬ್ಬರ ಆಸ್ತಿ ಕದ್ದ ಹಾಗೆ.

ಈ ಹಗುರ ನನಗೆ ಗೊತ್ತು ಕಣ್ರೀ. ಹಿಂದೆ ನಾನಿದ್ದ ಆಫೀಸಿನಲ್ಲಿ ಗೆಳೆಯನೊಬ್ಬ ಮನೆಯ ತಾಪತ್ರಯವನ್ನು ನನ್ನೊಬ್ಬನಿಗೇ ಹೇಳಿಕೊಂಡಿದ್ದ. ಅವನ ಕೆಲಸ ಯಾಕೆ ಕುಂಟುತ್ತಿದೆ ಅಂತ ಮೇಲಿನವರು ಕೇಳಿದಾಗ ನಾನು ಎಲ್ಲವನ್ನೂ ಮೇಲ್‌ನಲ್ಲಿ ಬರೆದುಬಿಟ್ಟೆ. ಕೇಳಿದ್ದಕ್ಕೆ ನಿಜ ಹೇಳಬೇಕು, ನಿಯಮ ಹಾಗಿತ್ತು. ಸೆಂಡ್ ಒತ್ತಿದ ಮೇಲೆ ನಿರಾಳ ಅನ್ನಿಸ್ತು. ಗುಲಾಮಗಿರಿಯ ಪಕ್ಕ ನನ್ನ ಮೇಲ್ ಇಟ್ಟು ನೋಡೋದು ಸಲ್ಲದು, ಗೊತ್ತು. ಆದರೆ ನಿಯಮ ಪಾಲಿಸಿದ ನಿರಾಳವೇ ಬೇರೆ, ಸರಿಯಾದದ್ದನ್ನು ಮಾಡೋದೇ ಬೇರೆ ಅಂತ ನನಗೆ ಹೊಳೆದದ್ದು ಈ ಅಧ್ಯಾಯದಲ್ಲಿ.

ಹಕ್ ಕಾಗದ ಕಳಿಸೋದಿಲ್ಲ. ಕೆಳಗಿಟ್ಟು ಯೋಚಿಸ್ತಾ ಕೂರ್ತಾನೆ. ಅದು ತರ್ಕ ಅಲ್ಲ, ಬರೀ ನೆನಪು. ಹಕ್‌ನ ಸರದಿ ಬಂದಾಗಲೂ ಅವನನ್ನು ಎಬ್ಬಿಸದೆ ತಾನೇ ಕಾವಲು ಕೂರುತ್ತಿದ್ದ ಜಿಮ್. ಮಂಜಿನಲ್ಲಿ ಕಳೆದುಹೋದ ಹುಡುಗ ವಾಪಸು ಬಂದಾಗ ಹಿಗ್ಗಿದ ಜಿಮ್. ಆ ಮಂಜಿನ ಪ್ರಸಂಗ ನನಗೆ ಬಹಳ ಮುಖ್ಯ. ಅದೆಲ್ಲ ನಿನ್ನ ಕನಸು ಅಂತ ಹೇಳಿ ಹಕ್ ಅವನನ್ನು ಆಟ ಆಡಿಸಿದ್ದ. ನಿಜ ತಿಳಿದಾಗ ಜಿಮ್ ನೊಂದು, ಕಟುವಾಗಿ ನಾಲ್ಕು ಮಾತಾಡಿ ಎದ್ದುಹೋಗಿದ್ದ. ಒಬ್ಬ ಗುಲಾಮನ ಕ್ಷಮೆ ಕೇಳಲು ಮನಸ್ಸು ಮಾಡೋಕೆ ಹಕ್‌ಗೆ 15 ನಿಮಿಷ ಬೇಕಾಯ್ತು. ಆದರೆ ಕೇಳಿದ. ಕಾಗದ ಹರಿಯೋ ಕೈ ತಯಾರಾಗಿದ್ದು ಅವತ್ತೇ.

ಇದಕ್ಕೆ ನರಕವೇ ಗತಿ ಅಂತ ಪೂರ್ತಿ ನಂಬಿಕೊಂಡೇ ಅವನು ಕಾಗದ ಹರೀತಾನೆ. ತಾನು ಒಳ್ಳೇದು ಮಾಡ್ತಿದ್ದೀನಿ ಅನ್ನೋ ಹೆಮ್ಮೆ ಕೂಡ ಅವನಿಗಿಲ್ಲ. ಗುಲಾಮಗಿರಿಯೇ ತಪ್ಪು ಅಂತ ಅವನು ಕೊನೆತನಕ ಹೇಳೋದಿಲ್ಲ. ಈ ಗೆಳೆತನದ ಶಕ್ತಿಯೂ ಅದೇ, ಮಿತಿಯೂ ಅದೇ. ಜಿಮ್ ಏನೋ ಗೆಳೆಯನಾದ. ತೆಪ್ಪ ಹತ್ತದೇ ಉಳಿದವರ ಗತಿ?

ಕಾದಂಬರಿಯ ಕೊನೆಯ ಭಾಗ ನನಗೂ ಕಿರಿಕಿರಿಯೇ. ಮಿಸ್ ವಾಟ್ಸನ್ ಸಾಯುವ ಮುಂಚೆ ಉಯಿಲಿನಲ್ಲಿ ಜಿಮ್‌ಗೆ ಬಿಡುಗಡೆ ಬರೆದಿರುತ್ತಾಳೆ. ಅದು ಗೊತ್ತಿದ್ದೂ ಟಾಮ್ ಸಾಯರ್ ಬಾಯಿಬಿಡದೆ, ಇಲಿ-ಹಾವು ತಂದುಬಿಟ್ಟು ಸೆರೆಬಿಡಿಸೋ ನಾಟಕ ಆಡ್ತಾನೆ. ಹಕ್ ಕೂಡ ಅದಕ್ಕೆ ತಲೆಯಾಡಿಸ್ತಾನೆ. ನರಕಕ್ಕೂ ಹೆದರದ ಹುಡುಗ ಒಬ್ಬ ಗೆಳೆಯನ ಹುಚ್ಚಾಟಕ್ಕೆ ಸೋಲ್ತಾನಲ್ಲ!

ಆದರೆ ಅಲ್ಲೇ ಇನ್ನೊಂದು ಆಯ್ಕೆ ಇದೆ. ಓಡುವಾಗ ಟಾಮ್‌ನ ಕಾಲಿಗೆ ಗುಂಡು ಬೀಳುತ್ತೆ. ಜಿಮ್ ತಪ್ಪಿಸಿಕೊಂಡು ಹೋಗಬಹುದಿತ್ತು. ಹೋಗೋದಿಲ್ಲ, ಡಾಕ್ಟರ್ ಬರಲೇಬೇಕು ಅಂತ ನಿಲ್ತಾನೆ, ಮತ್ತೆ ಸಿಕ್ಕಿಬೀಳ್ತಾನೆ. ಹಕ್ ಪಣಕ್ಕಿಟ್ಟಿದ್ದು ಕಾಣದ ನರಕವನ್ನು ನೆನೆದು. ಜಿಮ್ ಪಣಕ್ಕಿಟ್ಟಿದ್ದು ಕಣ್ಣೆದುರಿನ ಸ್ವಾತಂತ್ರ್ಯವನ್ನು. ಆದರೂ ಕಾದಂಬರಿ ಅವನ ಮನಸ್ಸಿನೊಳಗೆ ನಮ್ಮನ್ನು ಬಿಡೋದಿಲ್ಲ. 2024ರಲ್ಲಿ ಪರ್ಸಿವಲ್ ಎವರೆಟ್ ಇದೇ ಕತೆಯನ್ನು ಜಿಮ್‌ನ ಬಾಯಲ್ಲಿ ಹೇಳಿಸಿ ‘ಜೇಮ್ಸ್’ ಬರೆದರು. ಮಾರನೇ ವರ್ಷ ಅದಕ್ಕೆ ಪುಲಿಟ್ಜರ್ ಬಂತು. ಎರಡನ್ನೂ ಒಟ್ಟಿಗೆ ಓದಿ.

ಅಂದ ಹಾಗೆ, ಆ ಗೆಳೆಯನಿಗೆ ಕಳೆದ ತಿಂಗಳು ಫೋನ್ ಮಾಡಿದೆ. ಮಾತು ಹೆಚ್ಚು ನಡೀಲಿಲ್ಲ. ಹಕ್‌ಗೆ 15 ನಿಮಿಷ ಸಾಕಾಗಿತ್ತು, ನನಗೆ 4 ವರ್ಷ ಹಿಡೀತು.