ಬಿಸಿಯಾದ ನಳಿಗೆಯ ಸಾಕ್ಷ್ಯ: ಲಿವರ್ ರೈಫಲಿನ ಗುರಿಪರೀಕ್ಷೆಗಳನ್ನು ಕುರಿತು

ಶಾಸನವನ್ನೂ ದಫ್ತರವನ್ನೂ ಪರೀಕ್ಷಿಸುವಷ್ಟು ನಿಷ್ಠುರವಾಗಿ ಆಯುಧಗಳ ಇತಿಹಾಸಕಾರರು ಗುರಿಪರೀಕ್ಷೆಯ ವರದಿಗಳನ್ನು ಪರೀಕ್ಷಿಸುವುದಿಲ್ಲ. ಅಂಕಿಗಳಲ್ಲಿರುವ ಮಾತು ನಿಸ್ಸಂದಿಗ್ಧವೆಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಈ ತಪ್ಪಿಗೆ ನಾವೂ ಹೊರತಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕವನ್ನು ಕುರಿತ ಪಾಠದಲ್ಲಿ, ಲಿವರ್ ರೈಫಲು ವೇಗವಾಗಿ ಹಾರಿಸಬಹುದಾದ, ಆದರೆ ಸ್ವಭಾವತಃ ಗುರಿತಪ್ಪುವ ಆಯುಧವೆಂದು ಕೆಲವು ವರ್ಷ ಹೇಳುತ್ತ ಬಂದೆವು. ಇಂಥ ಕೋವಿಗಳಲ್ಲಿ ಕೈಯಾರೆ ತುಂಬಿದ ಕಾಡತೂಸುಗಳನ್ನು ಹಾರಿಸಿ ನೋಡಿದವರು ಅಚ್ಚುಹಾಕಿಸಿದ ಪಟ್ಟಿಗಳೇ ನಮಗೆ ಆಧಾರ. ಒಂದು ದಿನ ವಿದ್ಯಾರ್ಥಿಯೊಬ್ಬನು ಎದ್ದುನಿಂತು, "ಸಾರ್, ಈ ಗುಂಡುಗಳನ್ನು ಯಾವ ಕ್ರಮದಲ್ಲಿ ಹಾರಿಸಿದರು? ನಡುವೆ ಎಷ್ಟು ಹೊತ್ತು ಬಿಟ್ಟರು?" ಎಂದು ಕೇಳಿದನು. ಪಟ್ಟಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನಮ್ಮಲ್ಲಿಯೂ ಇರಲಿಲ್ಲ.

ಆ ಪ್ರಶ್ನೆ ಎಷ್ಟು ಆಳವಾದುದೆಂಬುದು ಕೋವಿಯ ರಚನೆಯನ್ನು ನೋಡಿದರೆ ತಿಳಿಯುತ್ತದೆ. ಹಿಡಿಯ ಕೆಳಗಿನ ಲಿವರನ್ನು ಒಮ್ಮೆ ಕೆಳಕ್ಕೆಳೆದು ಮೇಲಕ್ಕೊತ್ತಿದರೆ ಖಾಲಿ ಕೋಶ ಹೊರಬಿದ್ದು ಹೊಸ ಕಾಡತೂಸು ಒಳಸೇರುತ್ತದೆ. ಕಾಡತೂಸುಗಳು ಒಂದರ ಹಿಂದೊಂದಾಗಿ ಕಾದಿರುವುದು, ಸಾಮಾನ್ಯವಾಗಿ, ನಳಿಗೆಯ ಕೆಳಗೆ ಅದಕ್ಕೆ ಸಮಾಂತರವಾಗಿ ಜೋಡಿಸಿದ ಒಂದು ತೆಳುವಾದ ಕೊಳವೆಯಲ್ಲಿ. ಕೊಳವೆಯನ್ನೂ ಮುಂಗೈ ಹಿಡಿಯುವ ಮರವನ್ನೂ ನಳಿಗೆಗೆ ಬಂಧಿಸಲು ಲೋಹದ ಪಟ್ಟಿಗಳಿರುತ್ತವೆ. 1894ರ ವಿಂಚೆಸ್ಟರ್ ಕಾರ್ಬೈನಿನ ನಳಿಗೆ 20 ಅಂಗುಲ ಉದ್ದದ್ದು; ಹೊತ್ತು ತಿರುಗಲು ಹಗುರವಾಗಿರಲೆಂದು ತೆಳ್ಳಗೆ ಮಾಡಿದ್ದು. ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್ ಉಷ್ಣಕ್ಕೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಭಾಗದಷ್ಟು ಹಿಗ್ಗುತ್ತದೆ. ನಳಿಗೆ 60 ಡಿಗ್ರಿ ಕಾದರೆ ಅದರ ಉದ್ದ ಮಿಲಿಮೀಟರಿನ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಬೆಳೆಯುತ್ತದೆ. ಕೆಳಗಿನ ಕೊಳವೆಯಾದರೋ ಅಷ್ಟು ಕಾದಿರುವುದಿಲ್ಲ. ಪಟ್ಟಿಗಳು ಸಡಿಲವಾಗಿ ಜಾರಿಕೊಟ್ಟರೆ ಸರಿ; ಬಿಗಿಯಾಗಿ ಹಿಡಿದರೆ ಹಿಗ್ಗುವುದೂ ಹಿಗ್ಗದುದೂ ಒಂದನ್ನೊಂದು ಎಳೆದು ನಳಿಗೆ ಕೂದಲೆಳೆಯಷ್ಟು ಬಾಗುತ್ತದೆ. 100 ಗಜದಾಚೆಯ ಗುರಿಹಲಗೆಯ ಮೇಲೆ ಆ ಕೂದಲೆಳೆ ಅಂಗುಲಗಳಾಗುತ್ತದೆ. ಗುಂಡಿನ ತೂತುಗಳು ಒಂದರ ಮೇಲೊಂದು ಏಣಿಯಂತೆ ಏರುವುದು ಇದರ ಸಾಮಾನ್ಯ ಕುರುಹು.

ಏಣಿಯನ್ನು ಕಂಡ ಪರೀಕ್ಷಕನು ಏನು ಬರೆಯುತ್ತಾನೆ? ಮದ್ದಿನ ತೂಕ ಸಮನಾಗಿಲ್ಲ, ಆದುದರಿಂದ ಗುಂಡಿನ ವೇಗ ಒಂದೇ ಸಮನಾಗಿಲ್ಲ, ಎಂದು. ಇದನ್ನು ಲೆಕ್ಕಹಾಕಿ ನೋಡಬಹುದು. ಸೆಕೆಂಡಿಗೆ ಸುಮಾರು 2200 ಅಡಿ ಹೋಗುವ ಗುಂಡಿನ ವೇಗದಲ್ಲಿ 100 ಅಡಿಯಷ್ಟು ವ್ಯತ್ಯಾಸವಾದರೂ, 100 ಗಜದಲ್ಲಿ ಅದು ಬೀಳುವ ಎತ್ತರದಲ್ಲಾಗುವ ಭೇದ ಅರ್ಧ ಅಂಗುಲವನ್ನು ಮುಟ್ಟುವುದಿಲ್ಲ. ಮೂರು ನಾಲ್ಕು ಅಂಗುಲದ ಏಣಿಗೆ ಮದ್ದನ್ನು ಮಾತ್ರ ಹೊಣೆಮಾಡುವುದು ನ್ಯಾಯವಲ್ಲ. ಬಿಸಿ ಇನ್ನೂ ಎರಡು ದಾರಿಗಳಿಂದ ಒಳನುಗ್ಗುತ್ತದೆ: ಕಾದ ನಳಿಗೆಯೊಳಗೆ ಹೊತ್ತುಹೋದಂತೆ ಮದ್ದೇ ಬಿಸಿಯೇರಿ ಒತ್ತಡ ಹೆಚ್ಚುವುದು ಒಂದು; ನಳಿಗೆಯ ಮೇಲಿಂದೇಳುವ ಝಳ ಗುರಿನೋಟವನ್ನೇ ಅಲುಗಿಸುವುದು ಮತ್ತೊಂದು.

ಈಗ ಪಟ್ಟಿಗಳಿಗೆ ಬರೋಣ. ಪರೀಕ್ಷಕನು ಮದ್ದನ್ನು ಅರ್ಧರ್ಧ ಗ್ರೇನಿನಂತೆ ಏರಿಸುತ್ತ, ಪ್ರತಿ ತೂಕಕ್ಕೆ ಐದು ಗುಂಡಿನಂತೆ, ಹಗುರವಾದುದರಿಂದ ಭಾರವಾದುದಕ್ಕೆ ಒಂದೇ ಬೈಠಕ್ಕಿನಲ್ಲಿ ಹಾರಿಸಿ ಮುಗಿಸುತ್ತಾನೆ. ಭಾರವಾದ ಮದ್ದಿನ ಗುಂಡುಗಳು ಚದರಿದರೆ ಆ ಮದ್ದು ಈ ಕೋವಿಗೆ ಒಗ್ಗದೆಂದು ತೀರ್ಪು. ಆದರೆ ಭಾರವಾದ ಮದ್ದು ಸಿಡಿದುದೆಲ್ಲ ಕಾದ ನಳಿಗೆಯಲ್ಲಿ, ಹಗುರವಾದುದು ತಣ್ಣಗಿನ ನಳಿಗೆಯಲ್ಲಿ. ಎರಡು ಕಾರಣಗಳು ಕೈಹಿಡಿದು ಜೊತೆಯಾಗಿ ನಡೆದಿವೆ. ಯಾವುದರ ಹೆಜ್ಜೆ ಯಾವುದೆಂದು ಬೇರ್ಪಡಿಸಲು ಆ ಪಟ್ಟಿಯಿಂದ ಎಂದಿಗೂ ಸಾಧ್ಯವಿಲ್ಲ. ಹೊಲದ ಒಂದು ಮಗ್ಗುಲಲ್ಲಿ ತೇವ ಹೆಚ್ಚಾಗಿರುವಾಗ ಒಂದು ಗೊಬ್ಬರವನ್ನು ಆ ಮಗ್ಗುಲಿಗೇ ಹಾಕಿ ಬೆಳೆಯನ್ನು ಹೋಲಿಸಬಾರದೆಂದು ಆರ್. ಎ. ಫಿಷರ್ ಕೃಷಿಪ್ರಯೋಗಗಳ ವಿಷಯದಲ್ಲಿ ತೋರಿಸಿಕೊಟ್ಟರು. ಈ ವಿಚಾರದ ಅವರ ಗ್ರಂಥ ಪ್ರಕಟವಾದುದು 1935ರಲ್ಲಿ. ಗುರಿಹಲಗೆಗೆ ಆ ನಿಯಮ ಅನ್ವಯಿಸದೆಂದು ಯಾರು ಹೇಳಿದರು? ಇದರ ಜೊತೆಗೆ ಐದು ಗುಂಡಿನ ಗುಂಪುಗಳು ಬಹಳ ಚಂಚಲ: ಅದೇ ಕೋವಿ, ಅದೇ ಮದ್ದು, ಅದೇ ಕೈ ಇದ್ದರೂ, ಹತ್ತು ಗುಂಪುಗಳಲ್ಲಿ ಅತಿ ದೊಡ್ಡದು ಅತಿ ಚಿಕ್ಕದರ ಎರಡರಷ್ಟಾದರೆ ಆಶ್ಚರ್ಯಪಡಬೇಕಾದುದಿಲ್ಲ.

ಇದೇ ಕಣ್ಣಿನಿಂದ ಒಂದು ಪ್ರಸಿದ್ಧ ಆಕರವನ್ನು ಓದಿ ನೋಡಿದೆವು. 1875ರ ತನ್ನ ವಿವರಣಪತ್ರದಲ್ಲಿ ವಿಂಚೆಸ್ಟರ್ ಸಂಸ್ಥೆ, ನಳಿಗೆಗಳನ್ನೆಲ್ಲ ಗುರಿಗೆ ಹಾರಿಸಿ ಪರೀಕ್ಷಿಸುವುದಾಗಿಯೂ, ವಿಶೇಷ ಗುರಿ ತೋರಿದ ನಳಿಗೆಗಳಿಂದ ಅಲಂಕೃತ ರೈಫಲುಗಳನ್ನು ತಯಾರಿಸಿ 'ಸಾವಿರಕ್ಕೊಂದು' ಎಂಬ ಹೆಸರು ಕೆತ್ತಿ 100 ಡಾಲರಿಗೆ ಮಾರುವುದಾಗಿಯೂ ಸಾರಿತು. 1873ರ ಮಾದರಿಯಲ್ಲಿ ಇಂಥವು ಹೊರಬಂದುದು ನೂರ ಮೂವತ್ತಕ್ಕೆ ತುಸು ಹೆಚ್ಚು. ಕೆಲವೇ ವರ್ಷಗಳಲ್ಲಿ ಈ ಪದ್ಧತಿ ನಿಂತುಹೋಯಿತು. 1950ರಲ್ಲಿ 'ವಿಂಚೆಸ್ಟರ್ 73' ಚಲನಚಿತ್ರಕ್ಕಾಗಿ ಉಳಿದ ಕೋವಿಗಳನ್ನು ಹುಡುಕಿಸಿದ ಮೇಲಂತೂ ಅವುಗಳ ಕೀರ್ತಿ ಆಕಾಶಕ್ಕೇರಿತು. ಇವು ಆ ಕಾಲದ ಅತ್ಯಂತ ನಿಖರವಾದ ಲಿವರ್ ರೈಫಲುಗಳೆಂದು ಬರೆಯುವವರು ಹೇಳಿಕೆಯ ಒಂದು ಪದವನ್ನು ಗಮನಿಸಿದಂತಿಲ್ಲ. ಪರೀಕ್ಷೆಗೆ ಗುರಿಯಾದುದು ನಳಿಗೆ. ಕೋವಿ ರೂಪುಗೊಂಡುದು ಆಮೇಲೆ. ಎಂದರೆ ಬಿಸಿಯ ತೊಂದರೆಗೆ ಮೂಲವಾದ ಕೊಳವೆ, ಮರ, ಬಂಧನಗಳು ಇನ್ನೂ ಸೇರದಿದ್ದಾಗ ದೊರೆತ ಪ್ರಶಸ್ತಿಯನ್ನು, ಅವೆಲ್ಲ ಸೇರಿದ ಆಯುಧದ ಮೇಲೆ ಕೆತ್ತಲಾಯಿತು. ಗುಂಡುಗಳ ನಡುವಿನ ಅವಕಾಶದ ಮಾತಂತೂ ಆ ಹೇಳಿಕೆಯಲ್ಲಿ ಇಲ್ಲವೇ ಇಲ್ಲ. ಮಾರಾಟಗಾರನು ಸುಳ್ಳಾಡಿದನೆಂದು ನಾವು ಹೇಳುವುದಿಲ್ಲ. ಅವನು ಹೇಳದುದನ್ನು ಇತಿಹಾಸಕಾರರು ತುಂಬಿಕೊಂಡರು.

ಕಾಗದಕ್ಕಿಂತ ವಸ್ತುವೇ ಇಲ್ಲಿ ಹೆಚ್ಚು ಪ್ರಾಮಾಣಿಕ. 1860ರ ಹೆನ್ರಿ ರೈಫಲಿನ ನಳಿಗೆಯ ಕೆಳಗೆ ಮರವೇ ಇರಲಿಲ್ಲ. ಹದಿನಾರು ಗುಂಡುಗಳನ್ನು ಎಡೆಬಿಡದೆ ಹಾರಿಸಿದವನ ಎಡಗೈ ಕಾದ ಲೋಹವನ್ನೇ ಹಿಡಿಯಬೇಕಾಗಿತ್ತು. 1866ರ ಮಾದರಿಯಲ್ಲಿ ಮರ ಬಂದಿತು. ಕೈಗೆ ಬಂದ ಆ ರಕ್ಷಣೆ ನಳಿಗೆಗೆ ಇನ್ನೊಂದು ಸ್ಪರ್ಶವನ್ನು ಸೇರಿಸಿತೆಂಬುದು ಬೇರೆ ಮಾತು. ಇನ್ನು ಲಿವರನ್ನೇ ದೂರುವವರು 1899ರ ಸ್ಯಾವೇಜ್ ರೈಫಲನ್ನು ನೋಡಬೇಕು: ಲಿವರ್ ಉಂಟು, ನಳಿಗೆಯ ಕೆಳಗೆ ಕೊಳವೆಯಿಲ್ಲ, ಕಾಡತೂಸುಗಳು ತಿರುಗುವ ಉರುಳೆಯಲ್ಲಿ ಕುಳಿತಿರುತ್ತವೆ. 'ಲಿವರ್ ರೈಫಲಿನ ನಿಖರತೆ' ಎಂಬ ಒಂದೇ ಶೀರ್ಷಿಕೆಯಡಿ ಇವೆರಡನ್ನೂ ಕಟ್ಟಿಹಾಕುವುದು ಅವಿಚಾರ.

ಬೆಂಗಳೂರಿನ ಕೆನೆತ್ ಆಂಡರ್ಸನ್ (1910–1974) ನರಭಕ್ಷಕಗಳ ಬೇಟೆಯಲ್ಲಿ ಬಳಸಿದುದು 1895ರ ಮಾದರಿಯ .405 ವಿಂಚೆಸ್ಟರ್, ಅದೂ ಲಿವರ್ ರೈಫಲೇ, ಅದಕ್ಕೂ ಕೊಳವೆಯಿಲ್ಲ, ಕುದುರೆಯ ಮುಂದೆ ಪೆಟ್ಟಿಗೆಯಿದೆ. ರಾತ್ರಿಯೆಲ್ಲ ಮಚಾನಿನ ಮೇಲೆ ಕಾದವನ ನಳಿಗೆ ಕಾಡಿನ ಮಂಜಿನಷ್ಟೇ ತಣ್ಣಗಿರುತ್ತದೆ. ಅವನಿಗೆ ಬೇಕಾದುದು ಮೊದಲನೆಯ ಗುಂಡು ಎಲ್ಲಿಗೆ ಹೋಗುವುದೆಂಬ ಒಂದೇ ವಿಷಯ; ಇಪ್ಪತ್ತೈದು ಗುಂಡುಗಳ ಪಟ್ಟಿ ಅದನ್ನೇ ಸರಾಸರಿಯಲ್ಲಿ ಮುಚ್ಚಿಡುತ್ತದೆ. ಬೇರೆಬೇರೆ ದಿನ, ತಣ್ಣಗಿನ ನಳಿಗೆಯಿಂದ ಒಂದೊಂದೇ ಗುಂಡನ್ನು ಒಂದೇ ಹಲಗೆಗೆ ಹಾರಿಸಿದ ದಾಖಲೆಯಿದ್ದರೆ ಅದಕ್ಕೆ ನಾವು ಹೆಚ್ಚಿನ ಬೆಲೆ ಕೊಡುತ್ತೇವೆ. ಮದ್ದುಗಳನ್ನು ಹೋಲಿಸಬೇಕಾದರೆ ಪ್ರತಿಯೊಂದು ತೂಕದಿಂದ ಒಂದೊಂದು ಗುಂಡನ್ನು ಚೀಟಿಯೆತ್ತಿದ ಕ್ರಮದಲ್ಲಿ, ಸಮನಾದ ಅವಕಾಶ ಬಿಟ್ಟು ಹಾರಿಸಿರಬೇಕು. ಆ ಕ್ರಮವನ್ನೂ ಅವಕಾಶವನ್ನೂ ಬರೆದಿಟ್ಟಿರಬೇಕು. ಇವಿಲ್ಲದ ಪಟ್ಟಿಗೆ, ಕಾಲ ತಿಳಿಯದ ತಾಮ್ರಪಟಕ್ಕೆ ಕೊಡುವಷ್ಟೇ ಸ್ಥಾನ.

ನಮ್ಮ ಪಾಠದ ಟಿಪ್ಪಣಿಯಿಂದ 'ಸ್ವಭಾವತಃ ಗುರಿತಪ್ಪುವ' ಎಂಬ ಮಾತುಗಳನ್ನು ಹೊಡೆದುಹಾಕಿದ್ದೇವೆ. ಆ ಜಾಗದಲ್ಲಿ ಸದ್ಯಕ್ಕೆ 1866ರ ಮರದ ತುಂಡಿನ ವಿಷಯವನ್ನು ಮಾತ್ರ ಬರೆದುಕೊಂಡಿದೆ.