ಪಿನ್ನಿನಲ್ಲಿ ಐದು ವೋಲ್ಟ್, ರಿಲೇಗೆ ಸೊನ್ನೆ

ಮಣ್ಣಿನ ತೇವ ನೋಡಿ ಪಂಪ್ ಚಾಲೂ ಮಾಡುವುದು ನಮ್ಮ ಎಂಜಿನಿಯರಿಂಗ್ ಹುಡುಗರ ಅಚ್ಚುಮೆಚ್ಚಿನ ಪ್ರಾಜೆಕ್ಟು. ಆಲೂಗಡ್ಡೆ ಬೆಳೆಯುವ ಹಾಸನ ಸೀಮೆಗೆ ಒಪ್ಪುವಂಥದ್ದೇ. ಲ್ಯಾಬಿನ ಯುಎಸ್‌ಬಿ ಡೇಟಾ ಅಕ್ವಿಸಿಷನ್ ಪೆಟ್ಟಿಗೆಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಔಟ್‌ಪುಟ್ ಪಿನ್ನಿಗೆ ರಿಲೇ ಕಟ್ಟುತ್ತಾರೆ. ರಿಲೇ ಅಲುಗುವುದಿಲ್ಲ. ಆಮೇಲೆ ಶುರುವಾಗುವ ರಿಪೇರಿಯ ರೀತಿಯ ಬಗ್ಗೆ ನನ್ನ ತಕರಾರು.

ಮೊದಲು ಡ್ರೈವರ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕುತ್ತಾರೆ. ನಂತರ ಕೇಬಲ್ ಬದಲು. ಕೊನೆಗೆ ರಿಲೇ ಬಿಚ್ಚಿ, ಖಾಲಿ ಪಿನ್ನಿಗೆ ಮಲ್ಟಿಮೀಟರ್ ಹಿಡಿಯುತ್ತಾರೆ. ಐದು ವೋಲ್ಟ್ ಸರಿಯಾಗಿ ತೋರಿಸುತ್ತದೆ. ರಿಲೇ ಕಟ್ಟಿದರೆ ಮತ್ತೆ ಇಲ್ಲ. ‘ಪೆಟ್ಟಿಗೆ ಕೆಟ್ಟಿದೆ’ ಎಂದು ತೀರ್ಪು.

ಹಾಸನ ಬಳಿಯ ಬೂವನಹಳ್ಳಿಯ ಪಂಪ್‌ಸೆಟ್ ಮನೆಯಲ್ಲಿ, ಲೋಡ್ ಇಲ್ಲದೆ ಅಳೆಯುವ ಈ ತಪ್ಪು ನಡೆಯುವುದಿಲ್ಲ. ಸ್ಟಾರ್ಟರ್ ಪ್ಯಾನೆಲ್ಲಿನ ವೋಲ್ಟ್ ಮೀಟರನ್ನು ರೈತ ನೋಡುವುದು ಮೋಟಾರು ಎಳೆಯುವಾಗ. ನಿಂತ ಮೋಟಾರಿಗೆ ವೋಲ್ಟೇಜ್ ಎಷ್ಟಿದ್ದರೇನು?

ಲ್ಯಾಬುಗಳಲ್ಲಿ ಬಹಳ ಕಾಣುವ ಯುಎಸ್‌ಬಿ-6008 ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ಅದರ ಡಿಜಿಟಲ್ ಪಿನ್ನು ಒಳಗಿನ 4.7 ಕಿಲೋ ಓಮ್ ರೆಸಿಸ್ಟರಿನ ಮೂಲಕ ಐದು ವೋಲ್ಟಿಗೆ ಸೇರಿದೆ. ನೆಲಕ್ಕೆ ಎಳೆಯುವುದಷ್ಟೇ ಅದರ ಬಲ, ಮೇಲೆತ್ತುವುದು ಆ ರೆಸಿಸ್ಟರಿನ ಪಾಲಿಗೆ ಬಿಟ್ಟದ್ದು. ಸಣ್ಣ 5 ವೋಲ್ಟ್ ರಿಲೇಯ ಕಾಯಿಲ್ ಸುಮಾರು 70 ಓಮ್. ಐದು ವೋಲ್ಟನ್ನು 4700 ಮತ್ತು 70ರ ನಡುವೆ ಹಂಚಿದರೆ ರಿಲೇಗೆ ಸಿಗುವುದು 0.07 ವೋಲ್ಟ್. ರಿಲೇ ಕೇಳುವುದು 70 ಮಿಲಿಆಂಪ್, ಪಿನ್ನು ಕೊಡುವುದು ಒಂದು ಚಿಲ್ಲರೆ. ಕೆಟ್ಟದ್ದು ಏನೂ ಇಲ್ಲ. ಅನಲಾಗ್ ಔಟ್‌ಪುಟ್ಟಿನದೂ ಹೆಚ್ಚು ಕಡಿಮೆ ಇದೇ ಕಥೆ: ಅದರ ಮಿತಿ 5 ಮಿಲಿಆಂಪ್. ಸಾಲದ್ದಕ್ಕೆ ಅದರ ಗರಿಷ್ಠ ವೋಲ್ಟೇಜಿಗೆ ಯುಎಸ್‌ಬಿಯ ಐದು ವೋಲ್ಟೇ ಆಧಾರ. ಬಡಕಲು ಹಬ್‌ನಲ್ಲಿ ಅದು 4.7ಕ್ಕೆ ಇಳಿದರೆ ಇದೂ ಇಳಿಯುತ್ತದೆ.

ಇಷ್ಟೂ ಕೈಪಿಡಿಯಲ್ಲಿದೆ. ಓದುವವರು ಬೇಕು, ಓದಿಸುವವರೂ ಬೇಕು. ಪ್ರಯೋಗದ ರೆಕಾರ್ಡ್ ಪುಸ್ತಕದಲ್ಲಿ ‘ಔಟ್‌ಪುಟ್ ವೋಲ್ಟೇಜ್’ ಎಂಬ ಒಂದೇ ಕಾಲಂ ಇರುವ ತನಕ ಹುಡುಗರನ್ನು ದೂರಿ ಫಲವಿಲ್ಲ. ಲೋಡ್ ಇದ್ದಾಗ, ಇಲ್ಲದಾಗ ಎಂದು ಎರಡು ಕಾಲಂ ಗೀಚಿದ್ದರೆ ಅರ್ಧ ರಿಪೇರಿ ಅಲ್ಲೇ ಮುಗಿಯುತ್ತಿತ್ತು.

ಪರಿಹಾರ ಅಗ್ಗದ್ದು. ನಡುವೆ ಯುಎಲ್ಎನ್2003 ಚಿಪ್ ಹಾಕಿ, ರಿಲೇಗೆ ಬೇರೆ ಐದು ವೋಲ್ಟ್ ಸಪ್ಲೈ ಕೊಟ್ಟು, ಎರಡರ ಗ್ರೌಂಡ್ ಸೇರಿಸಿದರೆ ಸಾಕು. ಆಗಲೂ ಪಿನ್ನಿನಲ್ಲಿ ಮೀಟರು ಮೂರು ವೋಲ್ಟಿಗಿಂತ ಕಡಿಮೆ ತೋರಿಸಬಹುದು, ರಿಲೇ ಮಾತ್ರ ಟಕ್ಕೆಂದು ಬೀಳುತ್ತದೆ. ವೋಲ್ಟೇಜ್ ಕಡಿಮೆ ಎಂದು ಮತ್ತೆ ಬಿಚ್ಚಬೇಡಿ.

ಆದರೆ ಒಂದು ಅಪಾಯವಿದೆ, ಪ್ರಾಜೆಕ್ಟ್ ವರದಿಗಳು ಅದನ್ನು ಬರೆಯುವುದಿಲ್ಲ. ಪೆಟ್ಟಿಗೆಗೆ ಪವರ್ ಬಂದ ಕ್ಷಣದಲ್ಲಿ ಪಿನ್ನುಗಳು ಇನ್‌ಪುಟ್ ಸ್ಥಿತಿಯಲ್ಲಿರುತ್ತವೆ, ಅದೇ 4.7 ಕಿಲೋ ಓಮ್ ಅವನ್ನು ಮೇಲೆತ್ತಿರುತ್ತದೆ. ಅಂದರೆ ಲ್ಯಾಪ್‌ಟಾಪಿಗೆ ಸಿಕ್ಕಿಸಿದೊಡನೆ, ಪ್ರೋಗ್ರಾಂ ಏನೂ ಹೇಳುವ ಮೊದಲೇ, ರಿಲೇ ಎಳೆಯಬಹುದು, ಪಂಪೂ ಓಡಬಹುದು. ಪಂಪಿನ ಕಾಂಟ್ಯಾಕ್ಟರಿಗೆ ತಂತಿ ಕೊಡುವ ಮುನ್ನ ರಿಲೇಗೆ ಒಂದು ಸಣ್ಣ ಬಲ್ಬ್ ಕಟ್ಟಿ, ಕೇಬಲ್ ಕಿತ್ತು ಸಿಕ್ಕಿಸಿ ನೋಡಿ.