ಕುರುಬನೋ, ಕುರಿಗಾಹಿಯೋ

ಕನ್ನಡ ಬೈಬಲ್ಲಿನ ಹಳೆಯ ಅನುವಾದದಲ್ಲಿ ದೇವರು ಕುರುಬ. ಈಚಿನ ಸರಳ ಅನುವಾದದಲ್ಲಿ ಆತ ಕುರಿಗಾಹಿ. 23ನೆಯ ಕೀರ್ತನೆಯನ್ನು ಎರಡೂ ಪುಸ್ತಕಗಳಲ್ಲಿ ತೆರೆದು ಪಕ್ಕಪಕ್ಕ ಇಟ್ಟರೆ ಮೊದಲು ಕಣ್ಣಿಗೆ ಬೀಳುವುದು ಇದೇ ವ್ಯತ್ಯಾಸ. ಅರ್ಥ ಒಂದೇ ತಾನೇ ಎಂದು ದಾಟಿ ಹೋಗಬಹುದು. ಆದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ 'ಕುರುಬ' ಎನ್ನುವುದು ಬರೀ ಕಸುಬಿನ ಹೆಸರಲ್ಲ. ಅದು ಪಕ್ಕದ ಕೇರಿಯವರ ಹೆಸರು. ಬೀರಪ್ಪನ ಗುಡಿ, ಡೊಳ್ಳು, ಹಾಲುಮತ ಎಲ್ಲವೂ ಆ ಪದದ ಬೆನ್ನಿಗೇ ಬರುತ್ತವೆ. ಚುನಾವಣೆ ಹತ್ತಿರವಾದಾಗ ಲೆಕ್ಕ ಹಾಕುವ ಓಟುಗಳೂ ಬರುತ್ತವೆ. ಆ ಪದವನ್ನು ದೇವರಿಗೆ ಕೊಟ್ಟಾಗ ಕಂಬಳಿಯನ್ನೂ ಹೊದಿಸಿದಂತೆಯೇ.

ಬೈಬಲ್ ಪೂರ್ತಿಯಾಗಿ ಕನ್ನಡಕ್ಕೆ ಬಂದದ್ದು ಬಳ್ಳಾರಿಯ ದಾರಿಯಿಂದ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದರು. ವಿಲಿಯಂ ರೀವ್ ಅವರ ಜೊತೆಗೂಡಿ ಮಾಡಿದ ಅನುವಾದ 1831ರ ಹೊತ್ತಿಗೆ ಇಡಿಯಾಗಿ ಅಚ್ಚಾಯಿತು. ಆಮೇಲೆ ಬಾಸೆಲ್ ಮಿಷನ್ನಿನ ವೈಗಲ್ ಮೊದಲಾದವರು ಅದನ್ನು ತಿದ್ದಿದರು. ಬಳ್ಳಾರಿ ಕುರಿಯ ನಾಡು. ಕುರಿಯ ಒಂದು ತಳಿಗೇ ಆ ಊರಿನ ಹೆಸರಿದೆ. ಜಗಳೂರು ಆ ಒಣಸೀಮೆಗೆ ಅಂಟಿಕೊಂಡೇ ಇದೆ. ಇಂಥ ನೆಲದಲ್ಲಿ ಬೇರುಬಿಟ್ಟ ಒಂದು ಅನುವಾದ ಪರಂಪರೆ ದೇವರನ್ನು ಕುರುಬ ಎಂದು ಕರೆದದ್ದರಲ್ಲಿ ಆಶ್ಚರ್ಯವಿಲ್ಲ.

ಮೂಲ ಹೀಬ್ರೂವಿನಲ್ಲಿ ಇರುವ ಪದ 'ರೋಯೆ'. ಮೇಯಿಸುವವನು ಎಂದಷ್ಟೇ ಅದರ ಅರ್ಥ. ಜಾತಿಯಿಲ್ಲ, ಕುಲವಿಲ್ಲ. ನಿಘಂಟು ಹಿಡಿದು ಕೂತರೆ ಕುರಿಗಾಹಿಯೇ ಗೆಲ್ಲಬೇಕು. ಆದರೆ ಆ ಕಾಲದ ಪಶ್ಚಿಮ ಏಷ್ಯಾದಲ್ಲಿ ಆ ಪದಕ್ಕೆ ನಿಘಂಟಿನಾಚೆಗೂ ತೂಕವಿತ್ತು. ಅರಸರು ತಮ್ಮನ್ನು ಕುರುಬರೆಂದು ಕರೆದುಕೊಳ್ಳುತ್ತಿದ್ದರು. ಬಾಬಿಲೋನಿನ ಹಮ್ಮುರಾಬಿ ತನ್ನ ಕಾನೂನಿನ ಮುನ್ನುಡಿಯಲ್ಲೇ ಆ ಬಿರುದು ಹಚ್ಚಿಕೊಂಡಿದ್ದಾನೆ. ಹಾಗಾಗಿ ದೇವರೇ ನನ್ನ ಕುರುಬ ಎನ್ನುವ ಕೀರ್ತನಕಾರ ಭಕ್ತಿಯ ಜೊತೆಗೆ ಇನ್ನೊಂದು ಮಾತನ್ನೂ ಮೆಲ್ಲಗೆ ಸೇರಿಸುತ್ತಾನೆ: ಸಿಂಹಾಸನದ ಮೇಲೆ ಕೂತವನಲ್ಲ. ಪ್ರವಾದಿ ಯೆಹೆಜ್ಕೇಲನ ಗ್ರಂಥದ 34ನೆಯ ಅಧ್ಯಾಯ ಅದನ್ನೇ ಗಟ್ಟಿಯಾಗಿ ಕೂಗಿ ಹೇಳುತ್ತದೆ. ಕೊಬ್ಬನ್ನು ತಿಂದು, ಉಣ್ಣೆಯನ್ನು ಹೊದ್ದು, ಕುಂಟಿದ ಕುರಿಗೆ ಪಟ್ಟಿ ಕಟ್ಟದ ಕುರುಬರು ಎಂದು ಅಲ್ಲಿ ಆಳುವವರಿಗೆ ಛೀಮಾರಿ ಬೀಳುತ್ತದೆ. ಕುರಿ ಕೊಬ್ಬಿದಷ್ಟೂ ಕುರುಬನಿಗೇ ಲಾಭ ಎಂಬ ನಮ್ಮ ಗಾದೆ ಬಲ್ಲವರಿಗೆ ಆ ಅಧ್ಯಾಯಕ್ಕೆ ಟಿಪ್ಪಣಿ ಬೇಕಿಲ್ಲ.

ದೇವರಿಗೆ ಒಂದು ಜಾತಿಯ ಹೆಸರು ಕೊಟ್ಟಂತಾಯಿತಲ್ಲ ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಆದರೆ ಇನ್ನೊಂದು ಪದವನ್ನು ನೋಡಿ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಕ್ರಿಸ್ತನಿಗೂ ಸಭೆಯನ್ನು ನೋಡಿಕೊಳ್ಳುವ ಸೇವಕನಿಗೂ ಕುರುಬನೆಂಬ ಒಂದೇ ಪದವಿದೆ. ಕನ್ನಡದಲ್ಲಿ ಆ ಸೇವಕ ಸಭಾಪಾಲಕನಾದ. ದೇವರು ಕಂಬಳಿ ಹೊದ್ದು ನಿಂತ; ಆತನ ಆಳು ಸಂಸ್ಕೃತದ ಶಲ್ಯ ಹೊದ್ದುಕೊಂಡ. ದೇವರಿಗೆ ಆಗದ ಮುಜುಗರ ಮನುಷ್ಯನಿಗೆ ಆಗಿರಬೇಕು. ಈಗ ದೇವರನ್ನೂ ಕುರಿಗಾಹಿ ಮಾಡುವುದೆಂದರೆ ಆ ಶಲ್ಯವನ್ನು ಇನ್ನಷ್ಟು ಅಗಲಿಸಿದಂತೆ. ಕುರಿಗಾಹಿ ಚೆಂದದ ಪದ, ಒಪ್ಪುತ್ತೇನೆ. ಆದರೆ ಜಗಳೂರಿನ ಸಂತೆಯಲ್ಲಿ ಯಾರೂ ಯಾರನ್ನೂ 'ಏ ಕುರಿಗಾಹಿ' ಎಂದು ಕೂಗುವುದಿಲ್ಲ.

ಇಷ್ಟಾದರೂ 'ಕುರುಬ' ಎಂದೊಡನೆ ಎಲ್ಲ ಸರಿಹೋಗುತ್ತದೆ ಎಂದಲ್ಲ. ತೊಡಕಿರುವುದು ಕುರಿಯಲ್ಲಿ. ದೇವರು ಕುರುಬನಾದರೆ ನಾವು ಕುರಿಗಳು. ಕನ್ನಡದಲ್ಲಿ ಕುರಿ ಎಂದರೆ ಬೈಗುಳ. ತಲೆ ತಗ್ಗಿಸಿ ಮುಂದಿನವನ ಹಿಂದೆ ಹೋಗುವವನು. ನಿಸಾರ್ ಅಹಮದರು ಆ ಪದಕ್ಕೆ ಕೊಟ್ಟ ವ್ಯಂಗ್ಯದ ಮೇಲೆ ಅದನ್ನು ಮುಗ್ಧವಾಗಿ ಬಳಸುವುದು ಇನ್ನೂ ಕಷ್ಟವಾಗಿದೆ. ಹಾಲುಮತದ ಕಥೆಗಳಲ್ಲಿ ಮನುಷ್ಯ ಕುರಿಯಾಗುವುದೇ ಇಲ್ಲ. ಹುತ್ತದಲ್ಲಿ ಅಡಗಿದ್ದ ಕುರಿಗಳು ಉಂಡಾಡು ಪದ್ಮಣ್ಣನ ನೇಗಿಲು ತಗುಲಿ ಹೊರಗೆ ಸುರಿದವಂತೆ. ಶಿವ ಅವನ್ನು ಅವನ ಕೈಗೆ ಒಪ್ಪಿಸಿದನಂತೆ. ಇಲ್ಲಿ ಕುರಿ ದೇವರದು, ಕಾಯುವ ಹೊಣೆ ಮನುಷ್ಯನದು. ಬೀರಪ್ಪ ದೇವರೇ ಆದರೂ ಭಕ್ತ ಅವನ ಕುರಿಯಲ್ಲ, ಅವನ ಕುಲದವನು.

ಶೈವರಲ್ಲಿ ಪಶುಪತಿ ಇದ್ದಾನಲ್ಲ ಎಂದು ಕೇಳಬಹುದು. ಇದ್ದಾನೆ, ಅಲ್ಲಿ ಜೀವ ಪಶುವೇ. ಆದರೆ ಆ ಪಶು ಹಗ್ಗದಲ್ಲಿ ಕಟ್ಟಿಹಾಕಿದ್ದು; ಪಾಶ ಬಿಚ್ಚುವುದೇ ಕೃಪೆ. ಬೈಬಲ್ಲಿನ ಕುರಿಗೆ ಹಗ್ಗವಿಲ್ಲ. ಅದರ ಕಷ್ಟವೇ ಅದು: ಎಲ್ಲಿಗೆ ಬೇಕಾದರೂ ಹೋಗಬಲ್ಲದು, ಹಾಗಾಗಿ ಕಳೆದುಹೋಗುತ್ತದೆ. ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಿ ಹೆಗಲ ಮೇಲೆ ಹೊತ್ತು ತರುವುದು ಅಲ್ಲಿನ ಕೃಪೆ. ಒಂದು ಕಡೆ ಬಿಚ್ಚಿ ಬಿಡುವ ದೇವರು, ಇನ್ನೊಂದು ಕಡೆ ಹುಡುಕಿ ತರುವ ದೇವರು. ಈ ಎರಡನ್ನೂ 'ಎಲ್ಲ ಧರ್ಮಗಳೂ ಹೇಳುವುದು ಒಂದನ್ನೇ' ಎಂಬ ಚೀಲಕ್ಕೆ ತುಂಬುವವರು ಎರಡಕ್ಕೂ ಅನ್ಯಾಯ ಮಾಡುತ್ತಾರೆ.

23ನೆಯ ಕೀರ್ತನೆಯ ಹಸಿರು ಹುಲ್ಲುಗಾವಲನ್ನು ನಾವು ಸಾಮಾನ್ಯವಾಗಿ ಕ್ಯಾಲೆಂಡರಿನ ಚಿತ್ರದಂತೆ ಓದುತ್ತೇವೆ. ಸುತ್ತ ಹಸಿರು, ನಡುವೆ ಬಿಳಿ ಕುರಿ, ಬಿಳಿ ನಿಲುವಂಗಿ. ಇದು ನೀರಿರುವ ಊರಿನವರ ಓದು. ಚನ್ನಗಿರಿಯ ಅಡಿಕೆ ತೋಟದ ಬದುವಿನಲ್ಲಿ, ಸೂಳೆಕೆರೆಯ ದಡದಲ್ಲಿ ಕೂತು ಓದಿದರೆ ಹಾಗೆಯೇ ಕಾಣುತ್ತದೆ. ಮಳೆ ಕೈಕೊಡುವ ಜಗಳೂರಿನ ಕಡೆಯಿಂದ ಓದಿದರೆ ಹಸಿರು ಒಂದು ದೃಶ್ಯವಲ್ಲ, ಒಂದು ಸುದ್ದಿ. ಎಲ್ಲಿ ಮಳೆಯಾಗಿದೆ, ಎಲ್ಲಿ ಕೊಯ್ಲು ಮುಗಿದಿದೆ, ಯಾವ ಹೊಲದವರು ಗೊಬ್ಬರಕ್ಕಾಗಿ ರಾತ್ರಿ ಕುರಿ ನಿಲ್ಲಿಸಲು ಕರೆಯುತ್ತಾರೆ ಎಂದು ತಿಳಿದುಕೊಂಡು ಒಣ ಸೀಮೆಯ ಮಂದೆಗಳು ನೀರಾವರಿಯ ಗದ್ದೆಗಳತ್ತ ನಡೆಯುತ್ತವೆ. ಯೆಹೂದದ ಬೆಟ್ಟಗಳೂ ಇಂಥವೇ. ಹಸಿರು ಅಲ್ಲಿ ಕೆಲವು ತಿಂಗಳ ಮಾತು. ಹುಲ್ಲಿಗೆ ಕರೆದೊಯ್ಯುತ್ತಾನೆ ಎಂದು ಕವಿ ಹೇಳುವಾಗ ಹುಲ್ಲು ಇಲ್ಲಿಲ್ಲ ಎಂಬುದು ಆ ಮಾತಿನೊಳಗೇ ಇದೆ. ಆ ಕೀರ್ತನೆ ನಿಂತಲ್ಲಿಯ ಹಾಡಲ್ಲ, ನಡಿಗೆಯ ಹಾಡು.

ಆ ನಡಿಗೆಯ ನಡುವೆ ವ್ಯಾಕರಣ ತಿರುಗುತ್ತದೆ. ಹುಲ್ಲು, ನೀರು, ದಾರಿ ಇರುವಷ್ಟು ಹೊತ್ತೂ ದೇವರು 'ಅವನು'. ಕತ್ತಲೆಯ ಕಣಿವೆ ಬಂದೊಡನೆ 'ನೀನು'. ಚೆನ್ನಾಗಿದ್ದಾಗ ದೇವರ ಬಗ್ಗೆ ಮಾತಾಡುತ್ತಿದ್ದವನು ಹೆದರಿದಾಗ ದೇವರ ಜೊತೆಗೇ ಮಾತಾಡತೊಡಗುತ್ತಾನೆ. ಕಣಿವೆ ಬೆಳಗಾಯಿತು ಎಂದು ಕವಿ ಹೇಳುವುದಿಲ್ಲ. ಪಕ್ಕದಲ್ಲಿದ್ದೀ ಎನ್ನುತ್ತಾನೆ, ಅಷ್ಟೇ. ತಾಯಿಗೂ ದೇವರಿಗೂ ಏಕವಚನ ಬಳಸುವ ಕನ್ನಡದಲ್ಲಿ ಈ 'ನೀನು' ಪದಕ್ಕೆ ಬರುವ ಬಿಸಿ ನೀನು–ನೀವು ಭೇದವನ್ನೇ ಕಳೆದುಕೊಂಡ ಇಂದಿನ ಇಂಗ್ಲಿಷಿಗೆ ಬರಲಾರದು. ನನ್ನ ಮಟ್ಟಿಗೆ ಇಡೀ ಕೀರ್ತನೆಯ ಕೀಲಿ ಈ ಸರ್ವನಾಮದಲ್ಲಿದೆ. ಕುರುಬನ ರೂಪಕ ಕೂಡ ಇಲ್ಲಿಗೆ ತಂದು ಮುಟ್ಟಿಸುವ ದಾರಿ ಮಾತ್ರ; ಮುಂದಿನ ಸಾಲುಗಳಲ್ಲಿ ಕವಿ ಅದನ್ನು ಬಿಟ್ಟು ಊಟದ ಮೇಜಿಗೆ ಹೋಗಿಬಿಡುತ್ತಾನೆ.

ಇದರ ಎದುರಿಗೆ ನಾವೆಲ್ಲ ಶಾಲೆಯಲ್ಲಿ ಕಲಿತ ಗೋವಿನ ಹಾಡನ್ನು ಇಟ್ಟು ನೋಡಬೇಕು. ಗೊಲ್ಲ ಕಾಳಿಂಗ ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾನೆ. ಅದರಲ್ಲಿ ಒಂದಕ್ಕೆ ಹೊನ್ನಾಳಿಯನ್ನು ಹಾದುಹೋಗುವ ಹೊಳೆಯದೇ ಹೆಸರು. ಯೋಹಾನನ ಸುವಾರ್ತೆಯ 10ನೆಯ ಅಧ್ಯಾಯದ ಕುರುಬನೂ ಕುರಿಗಳನ್ನು ಹೆಸರಿನಿಂದಲೇ ಕರೆಯುತ್ತಾನೆ. ಹೋಲಿಕೆ ಅಲ್ಲಿಗೆ ಮುಗಿಯಿತು. ಹುಲಿ ಎದುರಾದಾಗ ಕಾಳಿಂಗ ಎಲ್ಲಿ? ಪುಣ್ಯಕೋಟಿ ಒಂಟಿ. ಅವಳನ್ನು ಉಳಿಸುವುದು ಕಾಯುವವನಲ್ಲ, ಅವಳು ಕೊಟ್ಟ ಮಾತು. ಯೋಹಾನನಲ್ಲಾದರೋ ಪ್ರಾಣ ಕೊಡುವವನು ಕುರುಬ. ತೋಳ ಬಂದರೆ ಓಡುವವನು ಕೂಲಿಯಾಳು. ಈ ಕೂಲಿಯಾಳಿನ ಮಾತು ನನಗೆ ಯಾವಾಗಲೂ ಚುಚ್ಚುತ್ತದೆ. ಅದು ಮಂದೆಯ ಒಡೆಯನ ಜಗಲಿಯಿಂದ ಕಂಡ ಲೋಕ. ನಮ್ಮ ಕಡೆ ಬೇರೆಯವರ ಕುರಿಗೆ ಸಂಬಳಕ್ಕೆ ನಿಂತು ತೋಳಕ್ಕೂ ಕಳ್ಳರಿಗೂ ರಾತ್ರಿಯೆಲ್ಲ ಎದ್ದು ಕೂರುವ ಹುಡುಗರು ಇದನ್ನು ಓದಿದರೆ ಏನನ್ನುತ್ತಾರೋ.

ಕುರುಬನ ಚಿತ್ರದ ಹಿಂದೆಯೇ ಬೈಬಲ್ಲಿನಲ್ಲಿ ಇನ್ನೊಂದು ಚಿತ್ರ ನಡೆದು ಬರುತ್ತದೆ: ಜೊತೆಗೇ ಸಾಗುವ ದೇವರು. ಹಗಲು ಮೇಘ, ಇರುಳು ಬೆಂಕಿ, ಮೇಕೆಯ ಕೂದಲಿನ ಪರದೆ ಹೊದಿಸಿದ ಗುಡಾರ. ಊರು ಬಿಟ್ಟು ಊರಿಗೆ ಹೋಗುವವರ ದೇವರಿಗೆ ಕಲ್ಲಿನ ಗುಡಿ ಒಗ್ಗದು. ಇದಕ್ಕೆ ನಮ್ಮಲ್ಲಿ ಸಾಕ್ಷಿ ಬೇಕಾದಷ್ಟಿದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ತನ್ನ ಜನ್ಮಸ್ಥಳವೆಂದು ಬಂಜಾರರು ನಂಬುವ ಸೇವಾಲಾಲರು ದನ ಕಾದವರು. ಸಿಂದಗಿ ಸೀಮೆಯ ಗೊಲ್ಲಾಳ ಕುರಿಯ ಹಿಕ್ಕೆಯನ್ನೇ ಲಿಂಗವೆಂದು ಪೂಜಿಸಿದನೆಂಬ ಐತಿಹ್ಯವಂತೂ ಬೈಬಲ್ಲಿನವರೂ ಊಹಿಸದಷ್ಟು ಧೈರ್ಯದ್ದು.

ಆದರೆ ಹತ್ತಿರದ ಹೋಲಿಕೆ ಇರುವುದು ಮ್ಯಾಸಬೇಡರಲ್ಲಿ. ಮೊಳಕಾಲ್ಮೂರು, ಚಳ್ಳಕೆರೆಗಳಿಂದ ಜಗಳೂರಿನವರೆಗೆ ಹಬ್ಬಿದ ಇವರ ದೇವರುಗಳು ಪೆಟ್ಟಿಗೆಯಲ್ಲಿ ಇರುತ್ತವೆ, ಬೇಕೆಂದಾಗ ಪ್ರಯಾಣ ಹೊರಡುತ್ತವೆ. ಇಸ್ರೇಲರ ದೇವರ ಸಾನ್ನಿಧ್ಯವೂ ಒಂದು ಪೆಟ್ಟಿಗೆಯಲ್ಲಿತ್ತು. ಅದನ್ನು ಗೆದ್ದು ಒಯ್ದಿದ್ದ ಫಿಲಿಷ್ಟಿಯರು ಹೆದರಿ ಹಿಂದಕ್ಕೆ ಕಳಿಸಿದ ಕಥೆ ಸಮುವೇಲನ ಮೊದಲ ಗ್ರಂಥದಲ್ಲಿದೆ. ನೊಗ ಕಾಣದ ಎರಡು ಹಾಲು ಹಸುಗಳನ್ನು ಹೊಸ ಬಂಡಿಗೆ ಕಟ್ಟಿ, ಕರುಗಳನ್ನು ಮನೆಯಲ್ಲೇ ಕೂಡಿಹಾಕುತ್ತಾರೆ. ಹಸುಗಳು ಅಂಬಾ ಎನ್ನುತ್ತಲೇ, ಎಡಬಲಕ್ಕೆ ತಿರುಗದೆ, ಬೇತ್‌ಷೆಮೆಷಿನ ದಾರಿ ಹಿಡಿಯುತ್ತವೆ. ಪುಣ್ಯಕೋಟಿಯನ್ನು ಬಲ್ಲವರಿಗೆ ಈ ಕೂಗು ಬೇರೆಯಾಗಿಯೇ ಕೇಳಿಸುತ್ತದೆ. ಅಲ್ಲಿ ಹೊಲ ಕೊಯ್ಯುತ್ತಿದ್ದವರು ಪೆಟ್ಟಿಗೆಯನ್ನು ಕಂಡು ಹಿಗ್ಗುತ್ತಾರೆ. ಬಂಡಿಯ ಮರವನ್ನೇ ಸೀಳಿ ಸೌದೆ ಮಾಡಿ, ದೇವರನ್ನು ಹೊತ್ತು ತಂದ ಹಸುಗಳನ್ನು ಅದರ ಮೇಲೆ ಹೋಮ ಮಾಡುತ್ತಾರೆ. ಮ್ಯಾಸಬೇಡರ ದೇವರ ಎತ್ತುಗಳಿಗೂ ನೊಗವಿಲ್ಲ. ಕಿಲಾರಿಗಳು ಅವನ್ನು ಮೇಯಿಸುತ್ತಾರೆ, ಅವುಗಳಿಂದ ದುಡಿಮೆ ಮಾಡಿಸುವುದಿಲ್ಲ. ಸತ್ತರೆ ಗುಂಡಿ ತೋಡಿ ಮಣ್ಣು ಮಾಡುತ್ತಾರೆ.